ಇಕ್ಕೇರಿ ವರಹಕ್ಕೆ ಎಷ್ಟು ರೂಪಾಯಿ?

ಬೆಳಗಿನ ಪತ್ರಿಕೆ ಕೈಗೆ ಬಂದೊಡನೆ ಡಾಲರಿನ ದರವೆಷ್ಟೆಂದು ನೋಡುವ ಮನೆಗಳು ಕರ್ನಾಟಕದಲ್ಲಿ ಈಗ ಕಡಮೆಯಲ್ಲ. ಮಗನೋ ಅಳಿಯನೋ ಹೊರದೇಶದಲ್ಲಿದ್ದರೆ ಆ ಒಂದು ಅಂಕಿ ಮನೆಮಂದಿಯ ಮಾತಾಗಿಬಿಡುತ್ತದೆ. ೧೯೪೭ರಲ್ಲಿ ಡಾಲರೊಂದಕ್ಕೆ ಮೂರೂಕಾಲು ರೂಪಾಯಿಗಿಂತ ತುಸು ಹೆಚ್ಚು, ೧೯೪೯ರಲ್ಲಿ ನಾಲ್ಕೂಮುಕ್ಕಾಲು, ೧೯೬೬ರ ಜೂನ್ ತಿಂಗಳಲ್ಲಿ ಒಮ್ಮೆಗೇ ಏಳೂವರೆ. ಅಲ್ಲಿಂದ ಮುಂದಿನ ಕಥೆಯನ್ನು ಯಾರೂ ಯಾರಿಗೂ ಹೇಳಬೇಕಾಗಿಲ್ಲ.

ಆದರೆ ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿಗಳ ನೆಲಕ್ಕೆ ಈ ಲೆಕ್ಕಾಚಾರ ಹೊಸದಲ್ಲ. ಇಂದು ಅಡಕೆಯ ಧಾರಣೆಯನ್ನು ವಿಚಾರಿಸುವ ಈ ಸೀಮೆಯಲ್ಲಿ ಒಂದು ಕಾಲಕ್ಕೆ ನಾಣ್ಯದ ಧಾರಣೆಯನ್ನೂ ವಿಚಾರಿಸುತ್ತಿದ್ದರು. ಮತ್ತು ಅಂದು ಘಟ್ಟದ ಮೇಲೂ ಕೆಳಗೂ ಬೇರೆಯವರ ಹಣವನ್ನು ಅಳೆಯುವ ಕೋಲಾಗಿದ್ದುದು ಈ ನೆಲದ್ದೇ ಆದ ನಾಣ್ಯ: ಇಕ್ಕೇರಿ ವರಹ.

ಸಾಗರದಿಂದ ಹತ್ತಿರದ ಹಾದಿಯಲ್ಲಿ ಒಂದು ಕಡೆ ಕೆಳದಿ, ಇನ್ನೊಂದು ಕಡೆ ಇಕ್ಕೇರಿ. ಇವೆರಡೂ ಕ್ರಮವಾಗಿ ಕೆಳದಿಯ ನಾಯಕರ ಮೊದಲನೆಯ ಮತ್ತು ಎರಡನೆಯ ರಾಜಧಾನಿಗಳು. ಹದಿನೇಳನೆಯ ಶತಮಾನದ ನಡುಭಾಗಕ್ಕೆ ಮುನ್ನ ರಾಜಧಾನಿ ದಕ್ಷಿಣಕ್ಕೆ ಸರಿದು ಬಿದನೂರಿಗೆ ಬಂದಿತು. ಅದೇ ಇಂದಿನ ಹೊಸನಗರ ತಾಲೂಕಿನ ನಗರ. ತೀರ್ಥಹಳ್ಳಿ ತಾಲೂಕಿನ ಕವಲೇದುರ್ಗ ಅವರಿಗೆ ಆಪತ್ಕಾಲದ ಬೆನ್ನೆಲುಬಾಗಿದ್ದ ಗಿರಿದುರ್ಗ. ಮೂರು ತಾಲೂಕುಗಳಲ್ಲಿ ಹೀಗೆ ಒಂದು ಅರಸೊತ್ತಿಗೆಯ ಇಡೀ ಚರಿತ್ರೆ ಹರಡಿಕೊಂಡಿದೆ.

ರಾಜಧಾನಿ ಬಿದನೂರಿಗೆ ಬಂದಾಗ ಟಂಕಸಾಲೆಯೂ ಅಲ್ಲಿಗೇ ಬಂದಿತು. ಆದರೆ ನಾಣ್ಯದ ಹೆಸರು ಮಾತ್ರ ಇಕ್ಕೇರಿಯನ್ನು ಬಿಡಲಿಲ್ಲ. ಬಿದನೂರಿನಲ್ಲಿ ಅಚ್ಚಾದ ವರಹವೂ ಇಕ್ಕೇರಿ ವರಹವೇ. ಹಣವೂ ಇಕ್ಕೇರಿ ಹಣವೇ. ವ್ಯಾಪಾರಿಗಳು ಒಮ್ಮೆ ನಂಬಿದ ಹೆಸರನ್ನು ಸುಲಭವಾಗಿ ಬದಲಾಯಿಸುವುದಿಲ್ಲ. ಅರಸರಿಗೂ ಅದು ಗೊತ್ತಿದ್ದಿರಬೇಕು.

ನಾಣ್ಯವಾದರೂ ಎಷ್ಟು ದೊಡ್ಡದು? ಅಂಗಿಯ ಗುಂಡಿಯಷ್ಟು. ತೂಕ ಸುಮಾರು ೩.೪ ಗ್ರಾಂ. ಒಂದು ಮೈಯಲ್ಲಿ ಪೀಠದ ಮೇಲೆ ಕುಳಿತ ಶಿವಪಾರ್ವತಿಯರು. ಇನ್ನೊಂದು ಮೈಯಲ್ಲಿ ನಾಗರಾಕ್ಷರದಲ್ಲಿ ‘ಶ್ರೀ ಸದಾಶಿವ’. ಉಮಾಮಹೇಶ್ವರರ ಈ ಚಿತ್ರ ವಿಜಯನಗರದ ಮೊದಲ ಅರಸುಮನೆತನದ ನಾಣ್ಯಗಳಲ್ಲಿಯೇ ಇದ್ದುದು. ‘ಸದಾಶಿವ’ ಎಂಬುದು ಹದಿನಾರನೆಯ ಶತಮಾನದ ಸದಾಶಿವನಾಯಕನ ಹೆಸರು. ಅಂತೆಯೇ ದೇವರ ಹೆಸರೂ ಹೌದು. ಈ ಶ್ಲೇಷೆಯಿಂದ ಒಂದು ದೊಡ್ಡ ಅನುಕೂಲವಾಯಿತು. ಅವನ ತರುವಾಯ ಬಂದ ಅರಸರು ತಮ್ಮ ತಮ್ಮ ಹೆಸರುಗಳನ್ನು ಕೊರೆಯಿಸುವ ಗೋಜಿಗೆ ಹೋಗದೆ ಅದೇ ಅಚ್ಚನ್ನು ಮುಂದುವರಿಸಿದರು. ಪಟ್ಟ ಬದಲಾದಾಗಲೆಲ್ಲ ಹೊಸ ನಾಣ್ಯ ಬಂದು, ಹಳೆಯದಕ್ಕೆ ಬೆಲೆ ಕುಂದಿ, ಪ್ರಜೆ ತಲೆಯ ಮೇಲೆ ಕೈ ಹೊತ್ತು ಕೂಡುವ ಪ್ರಸಂಗ ಬರಲಿಲ್ಲ.

ನಾಯಕರ ರಾಜ್ಯ ಘಟ್ಟದ ಮೇಲೆ ಮಾತ್ರವಿರಲಿಲ್ಲ. ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರುಗಳ ಕರಾವಳಿಯೂ ಅವರ ಕೈಯಲ್ಲಿದ್ದಿತು. ಮೇಲಿನಿಂದ ಕಾಳುಮೆಣಸು, ಅಡಕೆ, ಏಲಕ್ಕಿಗಳು ಎತ್ತಿನ ಹೇರುಗಳಲ್ಲಿ ಇಳಿದರೆ ಕೆಳಗಿನಿಂದ ಉಪ್ಪು, ತೆಂಗು ಹತ್ತಿ ಬರುತ್ತಿದ್ದುವು. ಗದ್ದೆಯ ನಾಡಾದ ಕರಾವಳಿಯಿಂದ ಅಕ್ಕಿ ಗೋವೆಗೂ ಅರಬ್ಬೀ ದೇಶಕ್ಕೂ ಹೋಗುತ್ತಿದ್ದಿತು. ೧೬೨೩ರಲ್ಲಿ ಪೋರ್ಚುಗೀಸರ ರಾಯಭಾರಿ ಗೋವೆಯಿಂದ ಹೊರಟು ಇಕ್ಕೇರಿಗೆ ಬಂದು ವೆಂಕಟಪ್ಪನಾಯಕನನ್ನು ಕಂಡನು. ಅವನೊಡನೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ತಾನು ಕಂಡುದನ್ನೆಲ್ಲ ಪತ್ರಗಳಲ್ಲಿ ಬರೆದಿಟ್ಟಿದ್ದಾನೆ. ಮೆಣಸು ಬೇಕಾದವರು ಇಕ್ಕೇರಿಗೆ ಬರಬೇಕಾಗಿತ್ತು. ಬಂದವರು ತಮ್ಮ ನಾಣ್ಯವನ್ನು ವರಹದ ಎದುರು ತೂಗಿ ನೋಡಬೇಕಾಗಿತ್ತು.

ಈ ತೂಗಿನೋಟ ಪೋರ್ಚುಗೀಸರಿಗೆ ಹಳೆಯ ಅಭ್ಯಾಸ. ವಿಜಯನಗರದ ಕಾಲದಿಂದಲೂ ಅವರು ಇಲ್ಲಿನ ಚಿನ್ನದ ನಾಣ್ಯವನ್ನು ‘ಪರ್ದಾವ್’ ಎಂದು ಕರೆದು ಅದಕ್ಕೆ ೩೬೦ ರೇಯಿಸ್ ಎಂದು ಲೆಕ್ಕವಿಟ್ಟಿದ್ದರು. ‘ಪ್ರತಾಪ’ ಎಂಬ ನಮ್ಮ ಮಾತೇ ಅವರ ನಾಲಿಗೆಯಲ್ಲಿ ಪರ್ದಾವ್ ಆದದ್ದು. ಗೋವೆಯಲ್ಲಿ ಅವರೇ ಹೊಡೆಸಿದ ಬೆಳ್ಳಿಯ ‘ಶೆರಫಿನ್’ ೩೦೦ ರೇಯಿಸ್. ಆದರೆ ರೇಯಿಸ್ ಎಂಬುದು ಲೆಕ್ಕದ ಪುಸ್ತಕದಲ್ಲಿದ್ದ ಹೆಸರು. ಶೆರಫಿನ್ನಿನಲ್ಲಿದ್ದ ಬೆಳ್ಳಿ ಕಾಲ ಹೋದಂತೆ ಕರಗುತ್ತ ಬಂದಿತು. ಪುಸ್ತಕದ ದರ ಒಂದು, ಪೇಟೆಯ ದರ ಇನ್ನೊಂದು ಎಂಬ ಸ್ಥಿತಿ ಆಗಿನಿಂದಲೇ ಇತ್ತು.

ಪೇಟೆಯ ದರವನ್ನು ಹೇಳುತ್ತಿದ್ದವನು ಚಿನಿವಾರ. ಇಂದಿಗೂ ಪತ್ರಿಕೆಗಳಲ್ಲಿ ಚಿನ್ನ ಬೆಳ್ಳಿಗಳ ಧಾರಣೆಯ ಮೇಲೆ ‘ಚಿನಿವಾರ ಪೇಟೆ’ ಎಂಬ ತಲೆಬರಹವನ್ನು ಕಾಣುವವರಿಗೆ ಈ ಹೆಸರು ಪರಿಚಿತವೇ. ಒರೆಗಲ್ಲು, ಸಣ್ಣ ತಕ್ಕಡಿ, ಗುಲಗಂಜಿ ಇಷ್ಟೇ ಅವನ ಬಂಡವಾಳ. ಎದುರಿಗೆ ಬಿದ್ದ ನಾಣ್ಯವನ್ನು ತೂಗಿ, ಒರೆಗಲ್ಲಿಗೆ ತೀಡಿ, ಬಣ್ಣ ನೋಡಿ ಬೆಲೆ ಕಟ್ಟುವನು. ನಾಣ್ಯ ಸವೆದಿದ್ದರೆ ಅಥವಾ ಪರನಾಡಿನದಾಗಿದ್ದರೆ ಒಂದಿಷ್ಟು ‘ವಟ್ಟ’ ಮುರಿದುಕೊಳ್ಳುವನು. ವಟ್ಟದಲ್ಲಿ ಎಷ್ಟು ನ್ಯಾಯ, ಎಷ್ಟು ಅನ್ಯಾಯ ಎಂಬುದು ಅವನಿಗೂ ಶಿವನಿಗೂ ಮಾತ್ರ ಗೊತ್ತು. ಅಡಕೆ ಮಾರಿ ಬಂದ ತೋಟದವನಿಗೆ ಅದನ್ನು ಪರೀಕ್ಷಿಸುವ ಸಾಧನವಿರಲಿಲ್ಲ.

ಇದೇ ಕಾಲದಲ್ಲಿ ನೆರೆಯ ಮೈಸೂರು ಇನ್ನೊಂದು ದೇಶ. ಅಲ್ಲಿಯದು ಇನ್ನೊಂದು ನಾಣ್ಯ. ೧೬೩೮ರಲ್ಲಿ ಪಟ್ಟವೇರಿದ ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಟಂಕಸಾಲೆಯನ್ನು ತೆರೆದು ಚಿನ್ನದ ಪುಟ್ಟ ಹಣವನ್ನು ಹೊಡೆಸಿದರು. ಅದರ ಮೇಲೆ ನರಸಿಂಹನ ಮೂರ್ತಿ. ಹತ್ತು ಕಂಠೀರಾಯಿ ಹಣ ಕೂಡಿದರೆ ಒಂದು ಕಂಠೀರಾಯಿ ವರಹ. ಆದರೆ ಸ್ವಾರಸ್ಯವೇನೆಂದರೆ, ಕಂಠೀರಾಯಿ ವರಹವೆಂಬ ನಾಣ್ಯವೇ ಇರಲಿಲ್ಲ! ಅದು ಲೆಕ್ಕದಲ್ಲಿ ಮಾತ್ರ ಇದ್ದ ವರಹ. ಕೈಯಲ್ಲಿ ಹಿಡಿಯಲು ಸಿಕ್ಕುತ್ತಿದ್ದುದು ಹಣವೇ. ಇಕ್ಕೇರಿಯ ವರಹವಾದರೋ ಕೈಗೂ ಸಿಕ್ಕುತ್ತಿತ್ತು, ಲೆಕ್ಕಕ್ಕೂ ಸಿಕ್ಕುತ್ತಿತ್ತು. ಎರಡಕ್ಕೂ ಹೆಸರು ವರಹವೇ ಆದ್ದರಿಂದ ಮುಂದೆ ಉಂಟಾದ ಗೊಂದಲವನ್ನು ಸ್ವಲ್ಪ ತಡೆದು ನೋಡಬಹುದು.

ಅದಕ್ಕೆ ಮುಂಚೆ ಇನ್ನೊಂದು ದರದ ಮಾತು ಬರಬೇಕು. ನಾಣ್ಯಕ್ಕೂ ನಾಣ್ಯಕ್ಕೂ ದರವಿರುವಂತೆ ನಾಣ್ಯಕ್ಕೂ ಬತ್ತಕ್ಕೂ ದರವುಂಟು; ರೈತನಿಗೆ ಮುಖ್ಯವಾದುದು ಎರಡನೆಯದೇ. ೧೬೪೫ರಿಂದ ೧೬೬೦ರ ವರೆಗೆ ಆಳಿದ ಶಿವಪ್ಪನಾಯಕನ ‘ಶಿಸ್ತು’ ನಾಡಿಗೆಲ್ಲ ಹೆಸರಾದುದು. ಒಂದೊಂದು ಹಳ್ಳಿಯಲ್ಲಿಯೂ ಒಂದೊಂದು ತರದ ಗದ್ದೆಯನ್ನು ಹನ್ನೆರಡು ವರುಷಗಳ ಕಾಲ ಅರಮನೆಯ ವತಿಯಿಂದಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗುಲಿದ ಖರ್ಚೆಷ್ಟು, ಬೆಳೆದ ಬೆಳೆಯೆಷ್ಟು ಎಂದು ಬರೆಸಿ, ಸರಾಸರಿ ತೆಗೆದು ಅವನು ಕಂದಾಯ ಕಟ್ಟಿದನೆಂದು ರೈಸ್ ಸಾಹೇಬರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಹೇಳಿದ್ದಾರೆ. ಒಟ್ಟು ಬೆಳೆಯ ಮೂರನೆಯ ಒಂದು ಪಾಲು ಅರಮನೆಗೆ. ಐವತ್ತು ಸೇರಿನ ಒಂದು ಖಂಡಗಕ್ಕೆ ಒಂದು ಹಣ ಬೆಲೆ. ಅಡಕೆ ತೋಟವನ್ನು ಅಳೆಯಲು ಒಂದು ಕೋಲನ್ನೂ ಗೊತ್ತುಮಾಡಿದನು. ಅದರ ಉದ್ದ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲಿನ ಮೆಟ್ಟಿಲಿನಷ್ಟು, ಇಂಗ್ಲಿಷ್ ಅಳತೆಯಲ್ಲಿ ಹದಿನೆಂಟೂವರೆ ಅಡಿ. ಸಂಶಯ ಬಂದವನು ದೇವಸ್ಥಾನಕ್ಕೇ ಹೋಗಿ ಕೋಲನ್ನು ಮೆಟ್ಟಿಲಿಗೆ ಹಿಡಿದು ನೋಡಬಹುದಾಗಿತ್ತು.

ನೆಲದ ಅಳತೆಗೆ ಕಲ್ಲಿನ ಮೆಟ್ಟಿಲು ದೊರೆಯಿತು. ಅದು ಬೆಳೆಯುವುದಿಲ್ಲ, ಕುಗ್ಗುವುದಿಲ್ಲ. ಹಣದ ಅಳತೆಗೆ ಅಂಥ ಕಲ್ಲು ಎಲ್ಲಿ ದೊರೆಯಬೇಕು? ಮೂವತ್ತು ಖಂಡಗ ಬೆಳೆಯುವವನ ತೆರಿಗೆ ಹತ್ತು ಖಂಡಗ. ಖಂಡಗಕ್ಕೆ ಒಂದು ಹಣದಂತೆ ಹತ್ತು ಹಣ. ಬತ್ತದ ಬೆಲೆ ಒಂದು ಹಣವಾಗಿಯೇ ನಿಂತಿದ್ದರೆ ಹತ್ತು ಖಂಡಗ ಮಾರಿ ತೆರಿಗೆ ತೆತ್ತು ಇಪ್ಪತ್ತನ್ನು ಉಳಿಸಿಕೊಳ್ಳುವನು. ಬೆಲೆ ಅರ್ಧ ಹಣಕ್ಕೆ ಇಳಿದರೆ ಅದೇ ಹತ್ತು ಹಣಕ್ಕಾಗಿ ಇಪ್ಪತ್ತು ಖಂಡಗ ಮಾರಬೇಕು. ಮೂರನೆಯ ಒಂದು ಪಾಲಿದ್ದ ತೆರಿಗೆ ಮೂರನೆಯ ಎರಡು ಪಾಲಾಗುತ್ತದೆ. ಕಾಗದದ ಮೇಲೆ ಒಂದಕ್ಷರವೂ ಬದಲಾಗಿರುವುದಿಲ್ಲ. ಬೆಲೆ ಏರಿದರೆ ಇದೇ ಏರ್ಪಾಡು ರೈತನಿಗೆ ಲಾಭ ಎಂಬುದನ್ನೂ ಹೇಳಬೇಕು. ಆದರೆ ಬೆಲೆ ಏರಿದ ಕಾಲಕ್ಕೆ ಸರಿಯಾಗಿ ಅರಮನೆಗಳಿಗೆ ಹೊಸ ‘ಪಟ್ಟಿ’ಗಳು ಹೊಳೆಯುತ್ತಿದ್ದುವು. ಮುಂದಿನ ಅರಸರು ಶಿಸ್ತಿನ ಮೇಲೆ ಒಂದರ ಹಿಂದೊಂದು ಪಟ್ಟಿಯನ್ನು ಹೊರಿಸಿದರು.

೧೭೬೩ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದನು. ರಾಣಿ ವೀರಮ್ಮಾಜಿಯ ಆಳಿಕೆ ಮುಗಿಯಿತು. ಅಲ್ಲಿ ಅವನಿಗೆ ಸಿಕ್ಕ ಐಶ್ವರ್ಯ ಒಂದು ಕೋಟಿ ಇಪ್ಪತ್ತು ಲಕ್ಷ ಪೌಂಡುಗಳೆಂದು ಚರಿತ್ರಕಾರ ವಿಲ್ಕ್ಸ್ ಅಂದಾಜು ಮಾಡಿದ್ದಾನೆ. ಅಷ್ಟಿತ್ತೇ ಎಂದು ಸಂಶಯಪಡಲು ಅವಕಾಶವುಂಟು. ಆದರೆ ತನ್ನ ಏಳಿಗೆಗೆಲ್ಲ ಬಿದನೂರೇ ಮೂಲವೆಂದು ಹೈದರನೇ ಹೇಳುತ್ತಿದ್ದನೆಂದು ಪ್ರತೀತಿ. ಊರಿಗೆ ಹೈದರ್‌ನಗರವೆಂದು ಹೆಸರಾಯಿತು. ಅಲ್ಲಿನ ಟಂಕಸಾಲೆಯಲ್ಲಿ ಅವನು ತನ್ನ ಮೊದಲ ವರಹವನ್ನು ಹೊಡೆಸಿದನು.

ಆ ವರಹದ ಮೇಲೆ ಏನಿತ್ತು? ಅದೇ ಶಿವಪಾರ್ವತಿಯರು. ಹಿಂಬದಿಯ ‘ಶ್ರೀ ಸದಾಶಿವ’ವನ್ನು ಮಾತ್ರ ತೆಗೆದು, ಚುಕ್ಕೆಗಳ ನಡುವೆ ತನ್ನ ಹೆಸರಿನ ಮೊದಲಕ್ಷರವನ್ನು ಪಾರಸಿಯಲ್ಲಿ ಇಡಿಸಿದನು. ಇದನ್ನು ಬಹಾದುರಿ ವರಹವೆಂದು ಕರೆದರು. ಇದನ್ನು ಹೈದರನ ಉದಾರಬುದ್ಧಿಯೆಂದು ಕೊಂಡಾಡುವವರಿದ್ದಾರೆ, ಇರಬಹುದು. ಆದರೆ ಅವನು ಲೆಕ್ಕ ಬಲ್ಲವನೂ ಆಗಿದ್ದನು. ಓದುಬರಹ ಬಾರದಿದ್ದರೂ ಪೇಟೆ ಯಾವುದನ್ನು ಓದುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಚಿತ್ರ ಬದಲಾಗಿದ್ದರೆ ಮಂಗಳೂರಿನಿಂದ ಮಸ್ಕತ್ತಿನ ವರೆಗಿನ ವ್ಯಾಪಾರಿ ಹೊಸ ನಾಣ್ಯವನ್ನು ಮತ್ತೆ ಒರೆಗೆ ಹಚ್ಚಿ ವಟ್ಟ ಕೇಳುತ್ತಿದ್ದನು.

೧೭೮೩ರ ಜನವರಿಯಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ನಗರವನ್ನು ಹಿಡಿದದ್ದೂ, ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಗೆದ್ದದ್ದೂ, ಶರಣಾದ ಸೈನಿಕರ ಬಳಿ ಬೊಕ್ಕಸದ ವರಹಗಳು ಸಿಕ್ಕದ್ದೂ ಇನ್ನೊಂದು ದೀರ್ಘ ಕಥೆ. ಟಿಪ್ಪು ಚಿತ್ರಗಳನ್ನೆಲ್ಲ ಬಿಟ್ಟು ಅಕ್ಷರಗಳ ನಾಣ್ಯಗಳನ್ನು ಹೊಡೆಸಿ, ವರಹಕ್ಕೆ ಫಾರೂಕಿಯೆಂದೂ ನಾಲ್ಕು ವರಹದ ದೊಡ್ಡ ನಾಣ್ಯಕ್ಕೆ ಅಹಮದಿಯೆಂದೂ ಹೆಸರಿಟ್ಟನು. ಅವನ ಟಂಕಸಾಲೆಗಳಲ್ಲಿ ನಗರವೂ ಒಂದು. ಅವನು ಮಡಿದ ಮೇಲೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಬಂದ ವರಹದ ಮೇಲೆ ನೋಡಿದರೆ ಪುನಃ ಶಿವಪಾರ್ವತಿಯರೇ! ಹಿಂಬದಿಯಲ್ಲಿ ‘ಶ್ರೀ ಕೃಷ್ಣರಾಜ’.

೧೭೯೯ರಲ್ಲಿ ನಿಜವಾದ ಪೇಚು ಹುಟ್ಟಿತು. ಶ್ರೀರಂಗಪಟ್ಟಣ ಬಿದ್ದಮೇಲೆ ನಡೆದ ಹಂಚಿಕೆಯಲ್ಲಿ ಘಟ್ಟದ ಕೆಳಗಿನ ಕನ್ನಡ ಜಿಲ್ಲೆ ಕುಂಪಣಿಗೆ ಸೇರಿತು. ಘಟ್ಟದ ಮೇಲಿನ ನಗರ ಸೀಮೆ ಮೈಸೂರಿನ ಪಾಲಿಗೆ ಬಂದಿತು. ಇನ್ನೂರು ವರುಷ ಒಂದೇ ನಾಣ್ಯದಲ್ಲಿ ವ್ಯವಹರಿಸಿದ ನಾಡಿನ ನಡುವೆ ಗಡಿ ಎದ್ದಿತು. ಕೆಳಗೆ ಬಹಾದುರಿ ವರಹದ ಲೆಕ್ಕ. ಅದಕ್ಕೆ ನಾಲ್ಕು ರೂಪಾಯಿ. ಮೇಲೆ ಮೈಸೂರಿನ ಕಂಠೀರಾಯಿ ಲೆಕ್ಕ. ಅದರ ವರಹಕ್ಕೆ ೨ ರೂಪಾಯಿ ೧೪ ಆಣೆ ೮ ಪೈ. ಕುಂಪಣಿಗೆ ಮೈಸೂರು ಕೊಡಬೇಕಾಗಿದ್ದ ಪೊಗದಿಯಾದರೋ ಮದರಾಸಿನ ನಕ್ಷತ್ರ ವರಹದಲ್ಲಿ; ಅದಕ್ಕೆ ಮೂರೂವರೆ ರೂಪಾಯಿ. ನೂರು ನಕ್ಷತ್ರ ವರಹ, ನೂರ ಇಪ್ಪತ್ತು ಕಂಠೀರಾಯಿ ವರಹ, ಎಂಬತ್ತೇಳೂವರೆ ಬಹಾದುರಿ ವರಹ, ಮುನ್ನೂರ ಐವತ್ತು ರೂಪಾಯಿ ಇವೆಲ್ಲವೂ ಒಂದೇ ಮೊತ್ತ. ನಕ್ಷತ್ರ ವರಹವೂ ಇಕ್ಕೇರಿ ವರಹವೂ ತೂಕದಲ್ಲಿ ಬಹುಮಟ್ಟಿಗೆ ಸಮವೇ. ಅರ್ಧ ರೂಪಾಯಿಯ ಅಂತರ ಚಿನ್ನದ ಶುದ್ಧಿಯದು.

ಗೃಹಿಣಿಯರು ಬೇಸರಪಡದಿದ್ದರೆ ಒಂದು ಸಣ್ಣ ಲೆಕ್ಕ. ಏಳು ವರಹ ಕೊಡತಕ್ಕದ್ದೆಂದು ಒಬ್ಬನು ಪತ್ರ ಬರೆದುಕೊಟ್ಟಿದ್ದಾನೆ. ಯಾವ ವರಹವೆಂದು ಬರೆದಿಲ್ಲ. ಇಕ್ಕೇರಿಯ ವರಹವಾದರೆ ೨೮ ರೂಪಾಯಿ. ಕಂಠೀರಾಯಿಯಾದರೆ ೨೦ ರೂಪಾಯಿ ೬ ಆಣೆ ೮ ಪೈ. ನಡುವಿನ ೭ ರೂಪಾಯಿ ೯ ಆಣೆ ೪ ಪೈ ಯಾರ ಮನೆಗೆ ಸೇರಬೇಕು? ಸಾಲ ಕೊಟ್ಟವನಿಗೆ ಒಂದು ವರಹ ನೆನಪಿರುತ್ತದೆ, ತೆಗೆದುಕೊಂಡವನಿಗೆ ಇನ್ನೊಂದು. ಕಂಠೀರಾಯಿ ಹಣದಲ್ಲಿಯೂ ಹಳೆಯ ‘ಅಗಲ’ವೆಂದೂ ದಿವಾನ್ ಪೂರ್ಣಯ್ಯನವರ ಕಾಲದ ‘ಗಿಡ್ಡ’ವೆಂದೂ ಎರಡು ಬಗೆಯಿದ್ದುವೆಂದ ಮೇಲೆ ಶಾನುಭೋಗರ ಲೇಖನಿಗೆ ಎಷ್ಟು ಅಧಿಕಾರವಿತ್ತೆಂಬುದನ್ನು ಓದುಗರೇ ಊಹಿಸಬಹುದು.

ಇಷ್ಟರ ಮೇಲೆ ೧೮೨೦ರ ನಂತರದ ವರುಷಗಳಲ್ಲಿ ಧಾನ್ಯದ ಬೆಲೆ ಇಳಿಯತೊಡಗಿತು. ನಾಣ್ಯದಲ್ಲಿ ಗೊತ್ತಾದ ಕಂದಾಯ ಇಳಿಯಲಿಲ್ಲ. ೧೮೩೦-೩೧ರಲ್ಲಿ ಘಟ್ಟದ ಕೆಳಗೆ ಕನ್ನಡ ಜಿಲ್ಲೆಯ ರೈತರು ‘ಕೂಟ’ ಕಟ್ಟಿ ಕಂದಾಯ ಕೊಡೆವೆಂದು ನಿಂತರು. ಅದೇ ಕಾಲಕ್ಕೆ ಘಟ್ಟದ ಮೇಲೆ, ಸಾಗರದ ಕಡೆಯ ಆನಂದಪುರದ ಬಳಿಯ ಹೊಸಂತೆಯಲ್ಲಿ ನಗರ ಸೀಮೆಯ ರೈತರು ನೆರೆದರು. ತಾನು ನಗರದ ಅರಸುಮನೆಗೆ ಸೇರಿದವನೆಂದು ಹೇಳಿಕೊಂಡ ಬೂದಿ ಬಸವಪ್ಪ ಮುಂದೆ ಬಂದನು. ಮೈಸೂರಿನ ಕಡೆ ಶರತ್ತಿನ ಮೇಲೆ ಕಂದಾಯ ವಸೂಲಿಗೆ ನಿಂತವರ ದಬ್ಬಾಳಿಕೆಯೇ ಮುಖ್ಯ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಎಲ್ಲವನ್ನೂ ನಾಣ್ಯದ ತಲೆಗೆ ಕಟ್ಟುವುದು ತಪ್ಪಾದೀತು. ಆದರೂ ಬೇರೆ ಬೇರೆ ಸರಕಾರಗಳ ಕೆಳಗಿದ್ದ ಎರಡು ಸೀಮೆಗಳ ರೈತರು ಒಂದೇ ಕಾಲಕ್ಕೆ ಎದ್ದುನಿಂತರೆಂದರೆ ಅವರೆಲ್ಲರ ಚೀಲವನ್ನು ಒಂದೇ ಕೈ ಹಿಂಡುತ್ತಿತ್ತೆಂದು ಹೇಳಬೇಕಾಗುತ್ತದೆ. ಪ್ರಾಣಹಾನಿ ಬಹಳವಾಯಿತು. ೧೮೩೧ರ ಅಕ್ಟೋಬರಿನಲ್ಲಿ ಕುಂಪಣಿಯವರು ಮೈಸೂರಿನ ಆಡಳಿತವನ್ನೇ ತಮ್ಮ ಕೈಗೆ ತೆಗೆದುಕೊಂಡರು. ಐವತ್ತು ವರುಷ ಹಿಂತಿರುಗಿಸಲಿಲ್ಲ.

ಅಲ್ಲಿಂದಾಚೆಗೆ ವರಹದ ಕಥೆ ಬೇಗ ಮುಗಿಯುತ್ತದೆ. ಮದರಾಸಿನವರು ೧೮೧೮ರಲ್ಲಿಯೇ ವರಹವನ್ನು ಬಿಟ್ಟು ರೂಪಾಯಿಗೆ ಹೊರಳಿದ್ದರು. ೧೮೩೫ರ ಕಾಯಿದೆಯಿಂದ ಕುಂಪಣಿಯ ನಾಡಿಗೆಲ್ಲ ೧೮೦ ಗ್ರೇನ್ ತೂಕದ ಒಂದೇ ಬೆಳ್ಳಿ ರೂಪಾಯಿ ಬಂದಿತು. ಮೈಸೂರಿನ ಟಂಕಸಾಲೆ ೧೮೩೩ರಲ್ಲಿ ಬೆಂಗಳೂರಿಗೆ ಬಂದು ೧೮೪೩ರಲ್ಲಿ ಮುಚ್ಚಿತು.

ಆಗ ವರಹವನ್ನು ಕೊಟ್ಟು ರೂಪಾಯಿ ಪಡೆದವರೂ ಉಂಟು, ವರಹವನ್ನೇ ಪೆಟ್ಟಿಗೆಯಲ್ಲಿ ಇಟ್ಟುಕೊಂಡವರೂ ಉಂಟು. ಯಾರು ಜಾಣರು? ೧೮೭೩ರಿಂದ ಈಚೆಗೆ ಜಗತ್ತಿನ ಪೇಟೆಯಲ್ಲಿ ಬೆಳ್ಳಿ ಬೀಳತೊಡಗಿತು. ಸುಮಾರು ಎರಡು ಷಿಲಿಂಗ್ ಬೆಲೆಯಿದ್ದ ರೂಪಾಯಿ ೧೮೯೪-೯೫ರ ಹೊತ್ತಿಗೆ ಒಂದು ಷಿಲಿಂಗ್ ಎರಡು ಪೆನ್ಸಿಗಿಂತಲೂ ಕೆಳಗೆ ಇಳಿಯಿತು. ಕಡೆಗೆ ೧೮೯೯ರಲ್ಲಿ ಸವರನ್ನಿಗೆ ಹದಿನೈದು ರೂಪಾಯಿ ಎಂದು ಗೊತ್ತಾಯಿತು. ಸವರನ್ನಿನಲ್ಲಿ ೧೧೩ ಗ್ರೇನ್ ಶುದ್ಧ ಚಿನ್ನ. ನಕ್ಷತ್ರ ವರಹದಲ್ಲಿ ಸುಮಾರು ೪೨. ಆ ಲೆಕ್ಕದಂತೆ ಮೂರೂವರೆ ರೂಪಾಯಿಯ ನಕ್ಷತ್ರ ವರಹಕ್ಕೆ ಐದೂವರೆ ರೂಪಾಯಿಗೂ ಮೇಲೆ ಬೆಲೆ ಬಂದಂತಾಯಿತು. ಹಳೆಯ ಪ್ರಮಾಣವನ್ನೇ ಹಿಡಿದರೆ ನಾಲ್ಕು ರೂಪಾಯಿಯ ಇಕ್ಕೇರಿ ವರಹಕ್ಕೆ ಆರು ರೂಪಾಯಿ ಆರಾಣೆ. ಪೆಟ್ಟಿಗೆಯ ತಳದಲ್ಲಿ ಅರಿವೆಗಂಟು ಕಟ್ಟಿಟ್ಟಿದ್ದ ಅಜ್ಜಿ ಯಾವ ಅರ್ಥಶಾಸ್ತ್ರವನ್ನೂ ಓದಿರಲಿಲ್ಲ.

ಮೈಸೂರಿನ ಪೊಗದಿಯ ಮಾತೂ ಇಲ್ಲಿಯೇ ಬರುತ್ತದೆ. ೧೭೯೯ರ ಒಪ್ಪಂದದಲ್ಲಿ ಏಳು ಲಕ್ಷ ನಕ್ಷತ್ರ ವರಹ ಎಂದಿದ್ದುದು ಮೂರೂವರೆಯಂತೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಯಾಗಿ ನಿಂತುಬಿಟ್ಟಿತ್ತು. ಚಿನ್ನವನ್ನೇ ಎಣಿಸಿ ಕೊಡಬೇಕಾಗಿದ್ದರೆ ಶತಮಾನದ ಕೊನೆಗೆ ಅದು ಮೂವತ್ತೊಂಬತ್ತು ಲಕ್ಷದಷ್ಟಾಗುತ್ತಿತ್ತು. ಹಳೆಯ ದರ ರೂಪಾಯಿಯಲ್ಲಿ ಗಟ್ಟಿಯಾದುದರಿಂದ ಮೈಸೂರಿಗೆ ಲಾಭವಾಯಿತೆನ್ನಬೇಕು. ಆದರೆ ೧೮೮೧ರಲ್ಲಿ ರಾಜ್ಯವನ್ನು ಅರಸರಿಗೆ ಹಿಂತಿರುಗಿಸುವಾಗ ಪೊಗದಿಯನ್ನು ಮೂವತ್ತೈದು ಲಕ್ಷಕ್ಕೆ ಏರಿಸಿ ಬರೆಸಿಕೊಂಡರು. ಕಾರಣ ಬೇರೆ ಹೇಳಿದರು. ಅಂಕಿ ಮಾತ್ರ ಚಿನ್ನದ ಬೆಲೆಯ ಹತ್ತಿರಕ್ಕೇ ಬಂದಿತು. ಬಹುಕಾಲ ವಾದಿಸಿದ ಮೇಲೆ ಹೆಚ್ಚುವರಿಯ ಹತ್ತೂವರೆ ಲಕ್ಷವನ್ನು ಬಿಟ್ಟುಕೊಟ್ಟದ್ದು ೧೯೨೮ರಲ್ಲಿ. ಹೊಡೆಯುವುದನ್ನೇ ನಿಲ್ಲಿಸಿ ನೂರು ವರುಷವಾಗಿದ್ದ ನಾಣ್ಯದ ದರ ಮೈಸೂರಿನ ಆಯವ್ಯಯದಲ್ಲಿ ಹೀಗೆ ಮತ್ತೆ ಬಂದು ಕುಳಿತಿತು.

ಇಕ್ಕೇರಿಯ ವರಹಕ್ಕೆ ಅಂಥ ಒಪ್ಪಂದಪತ್ರದ ಆಸರೆ ಇರಲಿಲ್ಲ. ಶಾಸನಗಳಲ್ಲಿ ‘ಗ’ ಎಂಬ ಒಂದಕ್ಷರದ ಮುಂದೆ ಬರೆದ ಅಂಕಿಗಳಾಗಿ, ವಸ್ತುಸಂಗ್ರಹಾಲಯಗಳ ಗಾಜಿನ ಹಿಂದೆ ಹಳ್ಳಿಗರು ಗುರುತು ಹಿಡಿಯದ ಬಿಲ್ಲೆಗಳಾಗಿ ಅದು ಉಳಿಯಿತು. ಎಷ್ಟೋ ವರಹಗಳು ಅಕ್ಕಸಾಲಿಗರ ಮೂಸೆಯಲ್ಲಿ ಕರಗಿ ಮದುವೆಯ ಸರಗಳಾದುವು. ಘಟ್ಟದ ಕೆಳಗೆ ಮಾತ್ರ ಕಾಣಿಕೆಯನ್ನೋ ದಂಡವನ್ನೋ ‘ಇಷ್ಟು ವರಹ’ ಎಂದು ಬಾಯಲ್ಲಿ ಹೇಳಿ, ವರಹಕ್ಕೆ ನಾಲ್ಕರಂತೆ ರೂಪಾಯಿ ಎಣಿಸಿ ಇಡುವ ರೂಢಿ ನಾಣ್ಯ ಕಣ್ಮರೆಯಾದ ಮೇಲೂ ಬಹಳ ಕಾಲ ನಡೆಯಿತು. ಡಾಲರು ಮೂರೂಕಾಲಿದ್ದಾಗಲೂ ಅಲ್ಲಿ ವರಹಕ್ಕೆ ನಾಲ್ಕೇ, ಏಳೂವರೆಯಾದಾಗಲೂ ನಾಲ್ಕೇ.